ಶಾಲೆ ಬರೆಸಿಕೊಂಡ ಮುಯ್ಯಿ

1981ರ ಫೆಬ್ರವರಿ ಒಂದನೇ ತಾರೀಖು, ಭಾನುವಾರ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಮ್ಮೂರ ಶಾಲೆಯ ಜಗಲಿಯಲ್ಲಿ ಮೇಜು ಹಾಕಿಸಿಕೊಂಡು ಕೂತೆ ಎಂದು ನನ್ನ ಡೈರಿಯಲ್ಲಿದೆ. ಮೇಜಿನ ಒಂದು ಕಾಲು ಗಿಡ್ಡ. ಅದರಡಿಗೆ ಹೆಂಚಿನ ಚೂರು ಇಟ್ಟಿದ್ದೆವು. ಅದನ್ನೂ ಬರೆದಿದ್ದೇನೆ. ಆ ದಿನದ ಮಿಕ್ಕದ್ದನ್ನೂ ಹೀಗೆಯೇ ಒಂದೂ ಬಿಡದೆ ಬರೆದಿಟ್ಟಿದ್ದೇನೆ. ಆದರೂ ಅಲ್ಲಿ ನಡೆದದ್ದು ಏನೆಂದು ಮೂರು ವರ್ಷವಾದರೂ ನನಗೆ ಪೂರ್ತಿ ತಿಳಿದಿಲ್ಲ.

ನಮ್ಮೂರು ಮುಳಬಾಗಿಲು ತಾಲ್ಲೂಕಿನದು. ದೇವರಾಯಸಮುದ್ರದ ಕೆರೆ ಏರಿ ದಾಟಿ ಎರಡು ಮೈಲಿ. ಶಾಲೆ ಮಹಾರಾಜರ ಕಾಲದ್ದು. ಕಲ್ಲಿನ ಗೋಡೆ, ಮುಂದೊಂದು ದೊಡ್ಡ ಕೋಣೆ, ಹಿಂದೊಂದು ದೊಡ್ಡ ಕೋಣೆ. ಗೋಡೆ ಇನ್ನೂ ನೂರು ವರ್ಷ ನಿಲ್ಲುತ್ತದೆ ಎಂದು ಮೇಸ್ತ್ರಿ ಹೇಳಿದ್ದ; ಮೇಲಿನ ಸೂರಿನ ಬಗ್ಗೆ ಅವನು ಏನೂ ಹೇಳದೆ ಬರೀ ತಲೆ ಆಡಿಸಿದ್ದ. ಜೂನ್ ಒಳಗೆ ಹೆಂಚು ಹೊದಿಸದಿದ್ದರೆ ಆರು ಮತ್ತು ಏಳನೇ ಕ್ಲಾಸನ್ನು ನಾಲ್ಕು ಮೈಲಿ ಆಚೆಯ ಊರಿಗೆ ಸೇರಿಸುತ್ತಾರೆ ಎಂದು ಇಲಾಖೆಯವರು ಹೆಡ್‌ಮೇಷ್ಟ್ರಿಗೆ ತಿಳಿಸಿದ್ದರು. ಆ ಎರಡು ಕ್ಲಾಸು ನಡೆಯುತ್ತಿದ್ದದ್ದು ಹಿಂದಿನ ಕೋಣೆಯಲ್ಲಿ. ನನ್ನ ತಂಗಿ ಆಗ ಆರನೇ ಕ್ಲಾಸು.

ಅಪ್ಪ ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದ್ದರು. "ನಾಕು ಮೈಲಿ ಹೆಣ್ ಹುಡುಗೀನ ಕಳಿಸಕ್ಕಾಗಲ್ಲ. ಜೂನ್‌ಗೆ ಸೂರಾದ್ರೆ ಓದ್ತಾಳೆ. ಇಲ್ಲಾಂದ್ರೆ ರೇಷ್ಮೆಹುಳಕ್ಕೆ ಸೊಪ್ಪು ಹಾಕ್ಕೊಂಡಿರ್ತಾಳೆ."

ತಂಗಿ ಮುದ್ದೆಯನ್ನು ಸಾರಿನಲ್ಲಿ ಹೊರಳಿಸುತ್ತಲೇ ಇದ್ದಳು. ನನ್ನ ಓದು ಎಸ್‌ಎಸ್‌ಎಲ್‌ಸಿಗೆ ನಿಂತು ಎರಡು ವರ್ಷವಾಗಿತ್ತು. ಆದ್ದರಿಂದ ಆ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು.

ಹೆಡ್‌ಮೇಷ್ಟ್ರು ಶ್ರೀನಿವಾಸಪುರದ ಕಡೆಯವರು, ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಊರಿನವರನ್ನೂ ಸುತ್ತಲಿನ ಹಳ್ಳಿಯವರನ್ನೂ ಸೇರಿಸಿ, ಕೈಲಾದ ರಾಗಿ ಕೊಡಿಸಿಕೊಂಡು, ಅದನ್ನು ಮಾರಿ ಮಾಲೂರಿನಿಂದ ಹೆಂಚು ತರುವುದು ಅವರ ಯೋಚನೆ. ಬರೀ ಕೊಡಿ ಎಂದರೆ ಯಾರು ಬರುತ್ತಾರೆ ಎಂದು ಒಂದು ಚಪ್ಪರ ಹಾಕಿಸಿದರು. ಚಪ್ಪರ ಬೋಳಾಗಿ ಕಂಡಿದ್ದಕ್ಕೆ ಯಾರೋ ಮಾವಿನ ತೋರಣ ಕಟ್ಟಿದರು. ಹಾಡಿ ಕಥೆ ಹೇಳುವ ಬುರ್ರಕಥೆಯವರು ಊಟಕ್ಕಷ್ಟೇ ಒಪ್ಪಿ ಬಂದರು. ಅವರಿಗೆ ಅಡಿಗೆ ಮಾಡುವುದಾದರೆ ಎಲ್ಲರಿಗೂ ಆಗಲಿ ಎಂದು ಮುದ್ದೆ, ಅವರೆಕಾಳಿನ ಸಾರು, ಪಾಯಸ. ಬರೆಯುವುದಕ್ಕೆ ನಾನು.

ನನ್ನನ್ನೇ ಕರೆದದ್ದಕ್ಕೆ ಕಾರಣವಿತ್ತು. ಅಲ್ಲಿಯವರೆಗೆ ನಾನು ಹದಿನಾಲ್ಕು ಮದುವೆಗಳಲ್ಲಿ ಮುಯ್ಯಿ ಬರೆದಿದ್ದೆ. ಮದುವೆಗೆ ಬಂದವರು ಕೊಟ್ಟದ್ದನ್ನು ಊರು, ಹೆಸರು ಹಾಕಿ ಬರೆದಿಡುತ್ತಾರೆ. ಮುಂದೆ ಅವರ ಮನೆಯಲ್ಲಿ ಮದುವೆಯಾದಾಗ ಆ ಪುಸ್ತಕ ತೆಗೆದು ನೋಡಿ, ಅಷ್ಟನ್ನೂ ಅದರ ಮೇಲೆ ಚೂರು ಹೆಚ್ಚಿಗೆಯನ್ನೂ ಹಿಂದಿರುಗಿಸುತ್ತಾರೆ. ಬರೆದದ್ದನ್ನು ಆಗಲೇ ಗಟ್ಟಿಯಾಗಿ ಕೂಗಿ ಹೇಳುವುದೂ ಉಂಟು. ನನಗೆ ಗೊತ್ತಿದ್ದದ್ದು ಇದೊಂದೇ ವಿಧಾನ. ಹೊಸ ನೋಟ್‌ಬುಕ್ಕಿನ ಮೂಲೆಗಳಿಗೆ ಅರಿಶಿನ ಹಚ್ಚಿದೆ, ಗೆರೆ ಎಳೆದೆ, ಮನೆ ಹಾಕಿದೆ, ಕೂಗಿ ಕೂಗಿ ಬರೆದೆ.

ಹನ್ನೊಂದು ಗಂಟೆಗೆ ಆವನಿ ಕಡೆಯ ಒಬ್ಬ ಅಜ್ಜಿ ತೆಂಗಿನಕಾಯಿ, ರವಿಕೆ ಕಣ ಹಿಡಿದು ಬಂದಳು. ಚಪ್ಪರದ ಒಳಗೆಲ್ಲ ಒಮ್ಮೆ ನೋಡಿ ನನ್ನ ಮುಂದೆ ನಿಂತಳು.

"ಪೆಂಡ್ಲಿ ಎವರಿದೇ ಅಮ್ಮಾ? ಹುಡುಗಿ ಎಲ್ಲಿ?"

"ಮದುವೆ ಅಲ್ಲಜ್ಜಿ. ಸ್ಕೂಲಿಗೆ ಹೆಂಚು ಹಾಕ್ಸಕ್ಕೆ."

"ಹೆಂಚಿಗೆ ಯಾರಾದ್ರೂ ಪಾಯಸ ಮಾಡ್ತಾರೇನೇ? ನಂಗೆ ವಯಸ್ಸಾಗೈತೆ ಅಂತ ಆಟ ಆಡ್ಬೇಡ. ಬರ್ಕೋ."

ಬರೆದುಕೊಂಡೆ. ಸಂಜೆ ನಾಲ್ಕಕ್ಕೆ ಪುಸ್ತಕ ಮುಚ್ಚಿದಾಗ ಎಂಬತ್ತಮೂರು ಮನೆ, ಸಾವಿರದ ಇಪ್ಪತ್ತಾರು ಸೇರು ರಾಗಿ, ಹನ್ನೊಂದು ತೆಂಗಿನಕಾಯಿ, ನಾಲ್ಕು ರವಿಕೆ ಕಣ. ಶಾಲೆಗೆ ರವಿಕೆ ಕಣ ಏಕೆ ಎಂದು ನಾನಾದರೂ ಕೇಳಿಕೊಳ್ಳಬಹುದಿತ್ತು.

ರಾಗಿ ಮಾರಿ ತಂದ ಹೆಂಚು ಮುಂದಿನ ಕೋಣೆಗೆ ಸರಿಹೋಯಿತು. ಹಿಂದಿನ ಕೋಣೆಗೆ ಇನ್ನೊಮ್ಮೆ ಜನ ಸೇರಿಸಬೇಕಾಯಿತು. ಏಪ್ರಿಲ್ ಹನ್ನೆರಡು ಎಂದು ದಿನ ಗೊತ್ತು ಮಾಡಿದರು.

ಮಾರ್ಚ್ ಒಂಬತ್ತು, ಸೋಮವಾರ, ಬೆಳಿಗ್ಗೆ ಹತ್ತೂವರೆ. ಹೆಂಚಿನ ಲೆಕ್ಕ ಒಪ್ಪಿಸಲು ನಾನು ಶಾಲೆಗೆ ಹೋಗಿದ್ದೆ. ಕೆರೆಯ ಕೆಳಗೆ ಟೊಮೇಟೊ ಬೆಳೆಯುವ ನಮ್ಮೂರಿನವರೊಬ್ಬರು ಒಗೆದ ಪಂಚೆ ಉಟ್ಟುಕೊಂಡು ಒಳಗೆ ಬಂದು, ಮೇಜಿನ ಮೇಲೆ ಎಲೆ ಅಡಿಕೆ, ಅರಿಶಿನ ಹಚ್ಚಿದ ಮದುವೆ ಕಾಗದ ಇಟ್ಟರು.

"ಮಗಳ ಮದುವೆ ಮೇಷ್ಟ್ರೇ, ಇಪ್ಪತ್ತೆರಡಕ್ಕೆ. ತಾವೂ ಬರಬೇಕು, ಸ್ಕೂಲೂ ಬರಬೇಕು."

ಹೆಡ್‌ಮೇಷ್ಟ್ರು ನಕ್ಕರು. "ನಾನು ಬರ್ತೀನಪ್ಪ. ಸ್ಕೂಲು ಹೆಂಗೆ ಬರುತ್ತೆ?"

"ಅದು ನಿಮಗೆ ಬಿಟ್ಟಿದ್ದು. ಇಪ್ಪತ್ತು ಸೇರು ನಂದು ಐತೆ. ಈಯಮ್ಮನೇ ಬರ್ದವ್ಳೆ, ಕೇಳಿ."

ಅವರು ಹೋದ ಮೇಲೆ ಹೆಡ್‌ಮೇಷ್ಟ್ರು ಕನ್ನಡಕ ಹಾಕಿಕೊಂಡು ನನ್ನ ಪುಸ್ತಕದ ಮೊದಲ ಹಾಳೆ ತಿರುಗಿಸಿದರು. ಮೇಲೆ "ಶ್ರೀ". ಅದರ ಕೆಳಗೆ ನನ್ನದೇ ದುಂಡು ಅಕ್ಷರದಲ್ಲಿ "ಶಾಲೆಯ ಮುಯ್ಯಿ ಪುಸ್ತಕ". ಪ್ರತಿ ಹಾಳೆಯ ಕೊನೆಯಲ್ಲಿ ಹೆಡ್‌ಮೇಷ್ಟ್ರ ಸಹಿ, ಶಾಲೆಯ ಮೊಹರು.

ಹಾಗೆ ಬರೆದದ್ದು ನನಗೆ ನೆನಪೇ ಇರಲಿಲ್ಲ. ಹದಿನಾಲ್ಕು ಸಲ ಬರೆದ ಕೈ ಹದಿನೈದನೇ ಸಲವೂ ಬರೆದಿತ್ತು.

"ನಮ್ಮ ಕಡೇನೂ ಮುಯ್ಯಿ ಐತೆ ಕಣಮ್ಮ," ಎಂದರು ಹೆಡ್‌ಮೇಷ್ಟ್ರು ಪುಸ್ತಕ ಮುಚ್ಚುತ್ತಾ. "ಆದ್ರೆ ಸರ್ಕಾರದ ಕೈಲಿ ಮುಯ್ಯಿ ಮಾಡ್ಸಿದ್ದು ನೀನೇ ಮೊದಲು."

ಮಾರ್ಚ್ ಹದಿನಾಲ್ಕರೊಳಗೆ ಶಾಲೆಗೆ ಒಂಬತ್ತು ಮದುವೆ ಕಾಗದ ಬಂದವು. ಹೆಡ್‌ಮೇಷ್ಟ್ರು ಮನೆ ಮನೆಗೂ ಹೋಗಿ ಇದು ದಾನ, ಮುಯ್ಯಿ ಅಲ್ಲ ಎಂದು ತಿಳಿಸಿ ಹೇಳಿದರು. ಯಾರೂ ಜಗಳ ಆಡಲಿಲ್ಲ. "ಹಂಗಾದ್ರೆ ಹಂಗೇ ಆಗ್ಲಿ ಬಿಡಿ" ಎಂದು ಕಾಫಿ ಕೊಟ್ಟು ಕಳಿಸಿದರು. ಆದರೆ ಏಪ್ರಿಲ್ ಹನ್ನೆರಡಕ್ಕೆ ಬರುತ್ತೀರಾ ಎಂದರೆ ಒಬ್ಬರಿಗೆ ಮಾಲೂರಿನಲ್ಲಿ ಕೆಲಸವಿತ್ತು, ಇನ್ನೊಬ್ಬರಿಗೆ ಕೋಲಾರದಲ್ಲಿ ಕೋರ್ಟಿತ್ತು. ನಾನು ಪಟ್ಟಿ ಮಾಡಿದೆ. ಎಂಬತ್ತಮೂರು ಮನೆಯಲ್ಲಿ ಖಂಡಿತ ಬರುತ್ತೇವೆ ಎಂದವರು ಆರು.

ಅಪ್ಪ ಬಿದಿರಿನ ಹೊಸ ತಟ್ಟೆ ಹೆಣೆಸಿದರು, ರೇಷ್ಮೆಹುಳಕ್ಕೆ. ಯಾರಿಗಾಗಿ ಎಂದು ಹೇಳಲಿಲ್ಲ. ಅವತ್ತು ತಂಗಿ ನನ್ನನ್ನು ಕೇಳಿದಳು: "ಅಕ್ಕಾ, ನೀನು ದಾನ ಅಂತ ಬರ್ದಿದ್ರೆ ಅವ್ರು ಕೊಡ್ತಾ ಇದ್ರಾ?"

ದಾನ ಎಂದು ಬರೆದಿದ್ದರೆ ಈ ತೊಡಕು ಬರುತ್ತಿರಲಿಲ್ಲ. ಮುಯ್ಯಿ ಎಂದು ಬರೆದದ್ದಕ್ಕೇ ಸಾವಿರ ಸೇರು ಬಂತೋ ಏನೋ. ನಾನು ಶಾಲೆಗೆ ಮಾಡಿದ್ದು ಕೆಡುಕೋ ಒಳಿತೋ ಎಂದು ಡೈರಿಯಲ್ಲಿ ಎರಡು ಕಡೆ ಬರೆದು ಎರಡನ್ನೂ ಹೊಡೆದು ಹಾಕಿದ್ದೇನೆ.

ದಾರಿ ತೋರಿಸಿದ್ದು ಅಮ್ಮ. ಹೆಡ್‌ಮೇಷ್ಟ್ರು ಅಪ್ಪನೊಡನೆ ಮಾತಾಡಲು ಮನೆಗೆ ಬಂದಿದ್ದಾಗ ಒಳಗಿನಿಂದಲೇ ಅಂದರು: "ಈಸ್ಕೊಂಡಿದ್ದು ಈಸ್ಕೊಂಡಿದ್ದೇ ಮೇಷ್ಟ್ರೇ. ವಾಪಸ್ ಮಾಡ್ಬಿಡಿ."

"ಏನು ಮಾಡ್ಲಮ್ಮ? ಸ್ಕೂಲಲ್ಲಿ ಏನೈತೆ? ಬೋರ್ಡು, ಸೀಮೆಸುಣ್ಣ, ನಾನು."

"ನಿಮ್ಮನ್ನ ಯಾರೂ ಈಸ್ಕೊಳ್ಳಲ್ಲ. ಹುಣಸೇಮರ ಐತಲ್ಲ."

ಅಪ್ಪನೂ ನಕ್ಕುಬಿಟ್ಟರು. ಮರ ಯಾರದ್ದು ಎಂಬುದು ಇನ್ನೊಂದು ತೊಡಕು: ಬುಡ ಕಾಂಪೌಂಡಿನ ಹೊರಗೆ, ಕೊಂಬೆಗಳು ಒಳಗೆ. ಒಳಗೆ ಬಿದ್ದದ್ದು ಶಾಲೆಯದು ಎಂದು ಹಿರಿಯರು ಒಪ್ಪಿದರು. ಮಾರ್ಚ್ ಹದಿನೈದು, ಭಾನುವಾರ, ಬೆಳಿಗ್ಗೆ ಎಂಟಕ್ಕೆ ಮರ ಬಡಿಸಿದೆವು. ಮಕ್ಕಳ ತಾಯಂದಿರೇ ಬಂದು ಕೂತು ಸಿಪ್ಪೆ ತೆಗೆದು, ಬೀಜ ಕುಟ್ಟಿ, ಹಣ್ಣು ಉಂಡೆ ಮಾಡಿದರು. ನಾಲ್ಕು ಸೇರು ರಾಗಿಗೆ ಒಂದು ಕೆಜಿ ಹುಣಸೆಹಣ್ಣು, ಅದರ ಮೇಲೆ ಒಂದು ಹಿಡಿ ಹೆಚ್ಚಿಗೆ. ಈ ದರ ಕಟ್ಟಿದ್ದೂ ಅಮ್ಮನೇ.

ಇಪ್ಪತ್ತೆರಡರ ಮದುವೆಗೆ ತಂಗಿ ಬುಟ್ಟಿ ಹೊತ್ತಳು. ಹಿಂದೆ ಹೆಡ್‌ಮೇಷ್ಟ್ರು ಕೋಟು ಹಾಕಿಕೊಂಡು ನಡೆದರು. ಮುಯ್ಯಿ ಬರೆಯುತ್ತಿದ್ದವನು ಮೊದಲು ಬುಟ್ಟಿಯನ್ನು, ಆಮೇಲೆ ಮೇಷ್ಟ್ರನ್ನು ನೋಡಿ, "ಹೆಸರೇನಂತ ಕೂಗ್ಲಿ ಸಾರ್?" ಎಂದ.

"ಸ್ಕೂಲು ಅನ್ನಪ್ಪ."

"ನಮ್ಮೂರ ಸ್ಕೂಲಿನೋರು, ಹುಣಸೇಹಣ್ಣು ಐದು ಕೆಜಿ ಒಂದು ಹಿಡಿ!"

ಚಪ್ಪರದಲ್ಲಿ ಎಲ್ಲರೂ ತಿರುಗಿ ನೋಡಿದರು. ಹುಡುಗಿಯ ಅಪ್ಪ ಓಡಿ ಬಂದು ಹೆಡ್‌ಮೇಷ್ಟ್ರ ಕೈ ಹಿಡಿದುಕೊಂಡು ಗಂಡಿನ ಕಡೆಯವರಿಗೆ ಸಮವಾಗಿ ಮೊದಲನೇ ಪಂಕ್ತಿಗೆ ಕೂರಿಸಿದರು. ಮಿಕ್ಕ ಎಂಟು ಮದುವೆಗೂ ಹುಣಸೆಹಣ್ಣು ಹೋಯಿತು.

ಏಪ್ರಿಲ್ ಹನ್ನೆರಡಕ್ಕೆ ಎಪ್ಪತ್ತೊಂದು ಮನೆಯವರು ಬಂದರು. ಈ ಸಲ ಪುಸ್ತಕದ ತಲೆಯ ಮೇಲೆ ಏನು ಬರೆಯಲಿ ಎಂದು ಹೆಡ್‌ಮೇಷ್ಟ್ರನ್ನು ಕೇಳಿದೆ. ಅವರು "ಏನೂ ಬರೀಬೇಡ" ಎಂದರು. ಬರೆಯಲಿಲ್ಲ. ಎರಡು ಗಂಟೆಗೆ ಕೂಡಿ ನೋಡಿದೆ. ಹಿಂದಿನ ಕೋಣೆಗೆ ಬೇಕಾದದ್ದು ಒಂಬೈನೂರು ಹೆಂಚು. ಬಂದ ರಾಗಿಗೆ ಸಿಗುವುದು ಆರುನೂರ ನಲವತ್ತು. ಇನ್ನೂರ ಅರವತ್ತು ಕಡಿಮೆ. ಮೂರು ಸಲ ಕೂಡಿದೆ, ಮೂರು ಸಲವೂ ಅಷ್ಟೇ ಬಂತು. ತಂಗಿಗೆ ಹೇಳಿದೆ. ಅವಳು "ನೀನು ಊಟ ಮಾಡ್ಕೊಂಡ್ ಬಾ ಅಕ್ಕಾ, ನಾನು ಕೂತಿರ್ತೀನಿ" ಎಂದಳು.

ನಲವತ್ತೈದು ನಿಮಿಷ ನಾನು ಮೇಜಿನ ಹತ್ತಿರ ಇರಲಿಲ್ಲ. ಇಡೀ ಕಥೆಯಲ್ಲಿ ನಾನು ಕಣ್ಣಾರೆ ಕಾಣದ ಭಾಗ ಅದೊಂದೇ.

ತಿರುಗಿ ಬಂದಾಗ ಪುಸ್ತಕದಲ್ಲಿ ಎಪ್ಪತ್ತೆರಡನೇ ಸಾಲು ತಂಗಿಯ ಅಕ್ಷರದಲ್ಲಿತ್ತು: "ಹೋಳೂರು. ಒಂದು ಗಾಡಿ ಹೆಂಚು. ತೀರಿತು." ಕಾಂಪೌಂಡಿನ ಮೂಲೆಯಲ್ಲಿ ಹೆಂಚು ಸಾಲಾಗಿ ಜೋಡಿಸಿತ್ತು. ಹೊಸದಲ್ಲ, ಎಲ್ಲಿಂದಲೋ ಬಿಚ್ಚಿ ತಂದದ್ದು, ಆದರೆ ಒಂದೂ ಒಡೆದಿರಲಿಲ್ಲ. ಎಣಿಸಿದೆ. ಇನ್ನೂರ ಎಪ್ಪತ್ತು.

"ಯಾರೇ ಅವ್ರು? ಹೆಸರು ಯಾಕೆ ಬರೀಲಿಲ್ಲ?"

"ಕೇಳ್ದೆ. ಹೋಳೂರು ಅಂದ್ರು ಅಷ್ಟೇ. 'ಸ್ಕೂಲಿನ ಮುಯ್ಯಿ ನಮ್ಮದು ತೀರಿತು ಅಂತ ಬರ್ಕೋ ಮಗಾ' ಅಂದ್ರು. ಬರ್ಕೊಂಡೆ."

"ಊಟ ಮಾಡಿದ್ರಾ?"

"ಇಲ್ಲ. ನೀರು ಕುಡಿದ್ರು. ಹಿಂದಿನ ರೂಮಿನ ಬಾಗಿಲು ಹತ್ರ ಒಂಚೂರು ಹೊತ್ತು ನಿಂತ್ಕೊಂಡಿದ್ರು. ಹೊರಟೋದ್ರು."

ಅಪ್ಪನ ವಯಸ್ಸಿನವರು, ಹೆಗಲ ಮೇಲೆ ಕೆಂಪು ಅಂಚಿನ ಟವಲು, ಎತ್ತುಗಳಲ್ಲಿ ಒಂದಕ್ಕೆ ಕೊಂಬು ಮೊಂಡು. ಮಿಕ್ಕವರೆಲ್ಲ ಆಗ ಊಟದ ಪಂಕ್ತಿಯಲ್ಲಿದ್ದರು; ತಂಗಿಯಿಂದ ಸಿಕ್ಕ ವಿವರ ಇಷ್ಟೇ. ಮೂರು ವರ್ಷದಲ್ಲಿ ಎಷ್ಟು ಸಲ ಕೇಳಿದರೂ ಇದಕ್ಕಿಂತ ಒಂದು ಮಾತು ಹೆಚ್ಚಾಗಿಲ್ಲ, ಕಡಿಮೆಯೂ ಆಗಿಲ್ಲ.

ಹೆಂಚು ತಂದವರು ಎಲ್ಲರ ಹಾಗೆ ಹೊಸದಾಗಿ ಮುಯ್ಯಿ ಮಾಡಿ ಹೋಗಲಿಲ್ಲ. ಹಿಂದಿರುಗಿಸಿ ಹೋದರು. ಹಾಗಾದರೆ ಶಾಲೆ ಅವರಿಗೆ ಯಾವಾಗ ಏನು ಕೊಟ್ಟಿತ್ತು? ಅವರು ಇಲ್ಲಿ ಓದಿದವರಿರಬೇಕು ಎಂದು ಹೆಡ್‌ಮೇಷ್ಟ್ರು ದಾಖಲಾತಿ ರಿಜಿಸ್ಟರುಗಳನ್ನು ನನ್ನ ಕೈಗೆ ಕೊಟ್ಟರು. ಮೂರು ಮಧ್ಯಾಹ್ನ ಕೂತು ಮೊದಲ ಹಾಳೆಯಿಂದ ಕೊನೆಯವರೆಗೆ ನೋಡಿದೆ. ಕೋಲಾರದ ಕಡೆಯ ಆ ಹೋಳೂರಿನ ಒಂದು ಹೆಸರೂ ಇಲ್ಲ. ಅಪ್ಪ ಸಂತೆಯಲ್ಲಿ ಹೋಳೂರಿನವರು ಸಿಕ್ಕಾಗಲೆಲ್ಲ ವಿಚಾರಿಸಿದರು, ಯಾರಿಗೂ ಗೊತ್ತಿಲ್ಲ. ಮಳೆಗಾಲದಲ್ಲಿ ದಾರಿಹೋಕರು ಶಾಲೆಯಲ್ಲಿ ತಂಗುತ್ತಿದ್ದರು, ಅಂಥವರು ಯಾರೋ ಇರಬೇಕು ಎನ್ನುತ್ತಾರೆ ಅಮ್ಮ. ಒಂದು ರಾತ್ರಿ ಮಲಗಿದ್ದಕ್ಕೆ ಒಂದು ಗಾಡಿ ಹೆಂಚೇ ಎಂದರೆ, "ಯಾವ ರಾತ್ರಿ ಅಂತ ನಿಂಗೆ ಗೊತ್ತಾ?" ಎನ್ನುತ್ತಾರೆ.

ಜೂನ್ ಒಂದಕ್ಕೆ ಆರು, ಏಳನೇ ಕ್ಲಾಸು ಹಿಂದಿನ ಕೋಣೆಯಲ್ಲೇ ಶುರುವಾದವು. ಮಾಲೂರಿನ ಹೆಂಚು ಕೆಂಪಗೆ, ಹೋಳೂರಿನದು ಕಪ್ಪಗೆ. ಕಪ್ಪು ಹೆಂಚು ಬಾಗಿಲ ಪಕ್ಕದ ಭಾಗಕ್ಕೆ ಸರಿಹೋಗಿ ಹತ್ತು ಉಳಿದವು. ತಂಗಿ ಏಳನೇ ಕ್ಲಾಸಿನ ವರ್ಷ ಪೂರ್ತಿ ಅದರ ಕೆಳಗೇ ಕೂತು ಓದಿದಳು. ಈಗ ಮುಳಬಾಗಿಲಿನಲ್ಲಿ ಹೈಸ್ಕೂಲು. ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅಪ್ಪ ಹೆಣೆಸಿದ ತಟ್ಟೆಯಲ್ಲಿ ನಾನು ಹುಳ ಸಾಕುತ್ತಿದ್ದೇನೆ.

ಪುಸ್ತಕ ನನ್ನ ಹತ್ತಿರವೇ ಇದೆ. ಹುಣಸೆಹಣ್ಣು ಪ್ರತಿವರ್ಷ ಮದುವೆಗಳಿಗೆ ಹೋಗುತ್ತದೆ, ಪ್ರತಿವರ್ಷ ಏನಾದರೊಂದು ಶಾಲೆಗೆ ಬರುತ್ತದೆ. ಯಾರ ಮುಯ್ಯಿ ಯಾರ ಮೇಲಿದೆ ಎಂದು ಹೇಳಲು ಈಗ ನನಗೂ ಕಷ್ಟ. ಆದರೂ ಪ್ರತಿ ಸಾಲಿಗೂ ಒಂದು ಹೆಸರಿದೆ. ಎಪ್ಪತ್ತೆರಡನೇ ಸಾಲಿಗೆ ಇಲ್ಲ. ಅಲ್ಲಿ ಶಾಲೆ ಕೊಡಬೇಕೋ ಬೇಡವೋ ತಿಳಿಯುವುದಿಲ್ಲ. ಇನ್ನೂರ ಎಪ್ಪತ್ತು ಹೆಂಚಿಗೆ ಸಮನಾದ ಏನನ್ನು ಈ ಶಾಲೆ ಯಾವ ಕಾಲದಲ್ಲಿ ಕೊಟ್ಟಿತ್ತು ಎಂಬುದಂತೂ ಏನು ಮಾಡಿದರೂ ಹೊಳೆಯುವುದಿಲ್ಲ.

ಹೋಳೂರಿನವರಾಗಲಿ, ಅಲ್ಲಿಗೆ ನೆಂಟರಾದವರಾಗಲಿ, ಆ ವರ್ಷ ಹಳೆಯ ಮನೆಯೋ ಕೊಟ್ಟಿಗೆಯೋ ಬಿಚ್ಚಿ ಹೆಂಚು ಗಾಡಿಗೆ ಹೇರಿದ್ದನ್ನು ಕಂಡಿದ್ದರೆ, ಒಂದು ಕೊಂಬು ಮೊಂಡಾಗಿದ್ದ ಎತ್ತು ಯಾರ ಮನೆಯದೆಂದು ಗೊತ್ತಿದ್ದರೆ, ದಯವಿಟ್ಟು ದೇವರಾಯಸಮುದ್ರದ ಕೆರೆ ಏರಿಯಾಚೆಯ ನಮ್ಮ ಶಾಲೆಗೆ ಒಂದು ಕಾರ್ಡು ಬರೆಯಿರಿ. ಅವರ ಹೆಸರು, ಮತ್ತು ಶಾಲೆ ಅವರಿಗೆ ಕೊಟ್ಟದ್ದೇನು ಎಂಬುದು, ಎರಡನ್ನೂ ತಿಳಿಸಿ. ಎರಡಕ್ಕೂ ಆ ಸಾಲಿನಲ್ಲಿ ಜಾಗ ಬಿಟ್ಟಿದ್ದೇನೆ.