ನಾರ್ಮಲ್ ಎಂಬ ಮಾತೂ ನನ್ನ ಬೆನ್ನೂ

ನಾರ್ಮಲ್ ಎಂಬ ಶಬ್ದವನ್ನು ನಮ್ಮೂರು ಸಂಶಿಗೆ ಯಾರು ತಂದರೋ ಗೊತ್ತಿಲ್ಲ. ಸಿಕ್ಕರೆ ಕೂಡ್ರಿಸಿಕೊಂಡು ನಾಲ್ಕು ಮಾತು ಕೇಳುವುದಿದೆ. ಅಂಗಡಿಯಲ್ಲಿ ನೀರಿನ ಬಾಟಲಿ ಬೇಡಿದರೆ "ಕೋಲ್ಡ್ ಕೊಡ್ಲೋ, ನಾರ್ಮಲ್ ಕೊಡ್ಲೋ?" ಅನ್ನುತ್ತಾರೆ. ಜ್ವರ ಬಿಟ್ಟವರು ನಾರ್ಮಲ್ ಆಗುತ್ತಾರೆ. ಜಗಳಾಡಿ ಮುಖ ತಿರುಗಿಸಿಕೊಂಡಿದ್ದ ಅತ್ತೆ-ಸೊಸೆ ಎರಡು ದಿನಕ್ಕೆ ನಾರ್ಮಲ್ ಆಗುತ್ತಾರೆ. ಗುಂಡಿ ಒತ್ತುವ ಹಳೇ ಫೋನಿಗೂ ಅದೇ ಹೆಸರು. ಬಾಜು ಮನೆಯ ಕಾಕಾ ತನ್ನ ಎಮ್ಮೆ ಈದ ಸುದ್ದಿಯನ್ನು "ನಾರ್ಮಲ್ ಆತ್ರಿ ಟೀಚರ" ಎಂದು ಹೇಳಿಹೋದ. ಎಮ್ಮೆಗೆ ಇನ್ನೇನು ಹುಬ್ಬಳ್ಳಿಗೆ ಒಯ್ದು ಆಪರೇಷನ್ ಮಾಡಿಸಬೇಕಿತ್ತೋ!

ನಾನು ಇಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಈ ಶಬ್ದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆಂದು ಒಮ್ಮೆ ತರಗತಿಯಲ್ಲಿ ಹುಡುಗರು ಕೇಳಿದರು. ಸಾಮಾನ್ಯ, ಸಹಜ, ವಾಡಿಕೆಯ ಎಂದು ಬೋರ್ಡಿನ ಮೇಲೆ ಬರೆದೆ. ಬರೆದು ಹಿಂದೆ ಸರಿದು ನೋಡಿದರೆ ಒಂದೂ ಒಪ್ಪಲಿಲ್ಲ. "ಅಕಿ ಸಾಮಾನ್ಯ ಹೆಂಗಸಲ್ಲ" ಎಂದು ನಮ್ಮ ಕಡೆ ಯಾರಾದರೂ ಅಂದರೆ ಅದು ಹೊಗಳಿಕೆಯಲ್ಲ. ಸಹಜ ಅನ್ನುವುದು ಆಸ್ಪತ್ರೆಯ ಗೋಡೆಯ ಮೇಲೆ ಹೆರಿಗೆಯ ಪಕ್ಕದಲ್ಲಷ್ಟೇ ಕಾಣುತ್ತದೆ. ಕಡೆಗೆ ಮೂರನ್ನೂ ಒರೆಸಿ, ನಮ್ಮಜ್ಜಿ ಆಡುತ್ತಿದ್ದ ಮಾತನ್ನೇ ಬರೆದೆ: ಎಲ್ಲಾರಂಗ. ಎಲ್ಲರ ಹಾಗೆ. ಹುಡುಗರು ನಕ್ಕರೂ ಬರೆದುಕೊಂಡರು.

ನನಗಂತೂ ನಾರ್ಮಲ್ ಎಂದು ಡಾಕ್ಟರೇ ಸರ್ಟಿಫಿಕೇಟು ಕೊಟ್ಟಿದ್ದಾರೆ. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಾಗಲಿಲ್ಲವೆಂದು ನಾವಿಬ್ಬರೂ ಹುಬ್ಬಳ್ಳಿಯ ಆಸ್ಪತ್ರೆಗೆ ತಿರುಗಿದೆವು. ಹೋದಾಗಲೆಲ್ಲ ಡಾಕ್ಟರಮ್ಮ ಕಾಗದ ತಿರುವಿ, "ನಿಮ್ಮದೂ ನಾರ್ಮಲ್, ನಿಮ್ಮ ಯಜಮಾನ್ರದೂ ನಾರ್ಮಲ್. ಟೆನ್ಷನ್ ತೊಗೋಬ್ಯಾಡ್ರಿ" ಅನ್ನುತ್ತಿದ್ದರು. ಏನಾದರೂ ದೋಷ ಸಿಕ್ಕಿದ್ದರೆ ಗುಳಿಗೆಯನ್ನಾದರೂ ನುಂಗಬಹುದಿತ್ತು. ನಾರ್ಮಲ್‌ಗೆ ಮದ್ದೆಲ್ಲಿಂದ ತರಬೇಕು? ಊರಿನವರು ಮಾತ್ರ ಆ ಸರ್ಟಿಫಿಕೇಟನ್ನು ನಂಬಲಿಲ್ಲ. ಸೀಮಂತಕ್ಕೆ ಕರೆದರೂ ಉಡಿ ತುಂಬುವ ಹೊತ್ತಿಗೆ ನನಗೊಂದು ಕೆಲಸ ಹಚ್ಚಿ ಅಡುಗೆಮನೆಗೆ ಕಳಿಸುತ್ತಿದ್ದರು. ನಾನು ಹಲ್ಲು ಕಚ್ಚಿ ಹೋಳಿಗೆ ತಟ್ಟುತ್ತಿದ್ದೆ.

ಹೀಗಿರುವಾಗ ಹೋದ ವರ್ಷ ಒಂದು ಮುಂಜಾನೆ ಯರಗುಪ್ಪಿಯ ತವರುಮನೆಯಿಂದ ಅವ್ವನ ಫೋನು ಬಂತು. "ನಾರ್ಮಲ್ ಆತ ಯವ್ವಾ!" ಎಂದು ಕೂಗಿದಳು. ನನ್ನ ತಮ್ಮನ ಹೆಂಡತಿ ಕಲಘಟಗಿ ಕಡೆಯ ತನ್ನ ತವರಿನಲ್ಲಿ ಹಡೆದಿದ್ದಳು. "ಹೆಣ್ಣೋ ಗಂಡೋ, ಅದನ್ನರೆ ಹೇಳ ಬೇ" ಎಂದು ನಾನು ಕಿರುಚಿದ ಮೇಲೆ "ಹೆಣ್ಣ" ಅಂದಳು. ನನಗಿರುವವನು ಅವನೊಬ್ಬನೇ ತಮ್ಮ, ಅವನಿಗೆ ನಾನೊಬ್ಬಳೇ ಅಕ್ಕ. ಅಂದರೆ ಆ ಕೂಸಿಗೆ ಅತ್ತೆ ನಾನೇ.

ಅತ್ತೆ ಅಂದರೆ ಸುಮ್ಮನೆ ಅಲ್ಲ. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ, ತಂದೆಯ ಅಕ್ಕ ಅಥವಾ ತಂಗಿ ಅದರ ಕಿವಿಯಲ್ಲಿ ಕುರ್ರ್ ಎಂದು ಊದಿ ಹೆಸರು ಹೇಳಬೇಕು. ಅವಳು ಹೇಳಿ ಮುಗಿಸುವುದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಎಂದು ಕೇಳಬೇಡಿ; ನನಗೂ ಗೊತ್ತಿಲ್ಲ, ಗುದ್ದುವವರಿಗೂ ಗೊತ್ತಿಲ್ಲ. ನನಗೆ ಹೆಸರಿಟ್ಟ ನಮ್ಮತ್ತೆ ಒಂದು ವಾರ ಬೋರಲು ಮಲಗಿದ್ದಳಂತೆ, ಸಾಯುವತನಕ ಅದನ್ನು ಹೇಳಿಕೊಂಡು ನಗುತ್ತಿದ್ದಳು. ಗುದ್ದುವುದರಲ್ಲಿ ನಾನೂ ಕಡಿಮೆಯವಳಲ್ಲ. ದೊಡ್ಡಪ್ಪನ ಮಗಳು ತನ್ನ ಅಣ್ಣನ ಮಗನಿಗೆ ಹೆಸರಿಟ್ಟಾಗ ನಾನು ಹಾಕಿದ ಗುದ್ದಿಗೆ ಅವಳು ತೊಟ್ಟಿಲ ಮೇಲೆಯೇ ಬೀಳಲಿದ್ದಳು. ಅವಳೂ ನಾನೂ ಒಂದೇ ವಾರಿಗೆಯವರು, ಸಣ್ಣಂದಿನಿಂದ ಹೊಡೆದಾಡಿಯೇ ಬೆಳೆದವರು.

ಕೂಸಿನ ಕುಂಚಿಗೆ ಅತ್ತೆಯದೇ ಇರಬೇಕು. ಖಣದ ಬಟ್ಟೆ ತಂದು, ನೆತ್ತಿ ಕಿವಿ ಎಲ್ಲ ಮುಚ್ಚುವಂತೆ ಅಳತೆ ಮಾಡಿ, ಅಂಚಿಗೆ ಜರಿ ಹಚ್ಚಿ ಹೊಲಿದೆ. ಮೂರು ಸಲ ಬಿಚ್ಚಿ ಹೊಲಿದೆ. ಯಜಮಾನರು "ಕೂಸಿಗೋ, ಮದಲಗಿತ್ತಿಗೋ?" ಎಂದು ಚಾಷ್ಟಿ ಮಾಡಿದರು. ನನಗೆ ಅಗದಿ ಖುಷಿಯಾಗಿತ್ತು. ಈ ಒಂದು ಕೆಲಸಕ್ಕಾದರೂ ನನ್ನನ್ನು ಅಡುಗೆಮನೆಗೆ ಕಳಿಸಲು ಬರುವುದಿಲ್ಲವಲ್ಲ ಎಂದುಕೊಂಡಿದ್ದೆ.

ತೊಟ್ಟಿಲ ಕಾರ್ಯದ ಹಿಂದಿನ ದಿನ ಅವ್ವ ಮತ್ತೆ ಫೋನು ಮಾಡಿದಳು. ಊಟ ಆತೇನು, ಬಿಸಿಲು ಭಾಳ ಐತೇನು ಎಂದು ಸುತ್ತಿ ಬಳಸಿ ಮಾತಾಡಿದಳು. ಅವ್ವ ಬಿಸಿಲಿನ ಬಗ್ಗೆ ಮಾತಾಡಿದಳೆಂದರೆ ಏನೋ ಕಾದಿದೆ ಎಂದೇ ಅರ್ಥ.

"ನೀ ಬಾರವಾ, ಬರಬ್ಯಾಡ ಅನ್ನೂದಿಲ್ಲ. ಆದ್ರ ಬೀಗರ ಮನಿ ಆಯಿ, ಮಕ್ಕಳಾದಾಕಿನೇ ಹೆಸರ ಇಟ್ರ ಚೊಲೋ ಅಂತಾಳಂತ. ನಿಮ್ಮ ದೊಡ್ಡಪ್ಪನ ಮಗಳಿಗೆ ಹೇಳೇವಿ. ಅಕಿನೂ ಅತ್ತೀನ ಆಗ್ಬೇಕಲ್ಲ. ಮನಸಿಗೆ ಹಚ್ಕೋಬ್ಯಾಡ. ಎಲ್ಲಾ ಕಡೆ ಹಿಂಗನ, ನಾರ್ಮಲ್ ಇದು."

ಬೀಗರ ಮನೆಯ ಮುದುಕಿ ಅಂದಳು, ಸರಿ. ಹೂಂ ಅಂದವಳು ನನ್ನ ಹಡೆದವ್ವ. "ಆತು" ಎಂದು ಫೋನಿಟ್ಟೆ. ಆ ಸಂಜೆ ನಾನು ಅತ್ತಷ್ಟು ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಾಗಲೂ ಅತ್ತಿರಲಿಲ್ಲ. ಯಜಮಾನರು "ಹೋಗೂದ ಬ್ಯಾಡ ಬಿಡು" ಅಂದರು. "ಯಾಕ ಹೋಗಬಾರ್ದು? ನಾನೇನು ಕಳ್ಳತನ ಮಾಡೀನೇನ್ರಿ?" ಎಂದು ಅವರ ಮೇಲೆಯೇ ಹರಿಹಾಯ್ದೆ. ಪಾಪ, ಅವರೇನು ಮಾಡಿದ್ದರು.

ಮರುದಿನ ಹೋದೆ. ಬೀಗರ ಮನೆಯ ಪಡಸಾಲೆಯ ನಡುವೆ ಕಲಘಟಗಿಯ ಬಣ್ಣದ ತೊಟ್ಟಿಲು ಕಟ್ಟಿದ್ದರು. ಎಲ್ಲರೂ ನನ್ನನ್ನು ಅತಿ ಪ್ರೀತಿಯಿಂದ ಮಾತಾಡಿಸಿದರು. ಗುಗ್ಗರಿ ಹಂಚುವ ಕೆಲಸವನ್ನು ಆಗಲೇ ನನ್ನ ಹೆಸರಿಗೆ ಗೊತ್ತುಮಾಡಿಟ್ಟಿದ್ದರು. ಕುಂಚಿಗೆಯನ್ನು ಚೀಲದಲ್ಲೇ ಇಟ್ಟುಕೊಂಡು, ಗೋಡೆಗೆ ಆತು ಕುಳಿತೆ. ಅವ್ವ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಹಾಡು ಮುಗಿಯಿತು. ಓಣಿಯ ಮುದುಕಿಯೊಬ್ಬಳಿಗೆ ಈ ಒಳಗಿನ ಏರ್ಪಾಡು ಯಾರೂ ಹೇಳಿರಲಿಲ್ಲ. ಅವಳು ತನ್ನ ವಾಡಿಕೆಯಂತೆ ದೊಡ್ಡ ದನಿ ತೆಗೆದು, "ಕೂಸಿನ ಅತ್ತಿ ಯಾರ್ರವಾ? ಬರ್ರಿ ಲಗೂನ!" ಎಂದು ಕರೆದಳು.

ದೊಡ್ಡಪ್ಪನ ಮಗಳು ಎದ್ದಳು. ನಾನೂ ಎದ್ದೆ. ಯೋಚನೆ ಮಾಡಿ ಎದ್ದದ್ದಲ್ಲ, ಕಾಲು ತಾವಾಗಿಯೇ ಎದ್ದವು. ಬೀಗರ ಮನೆಯ ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದೊಡ್ಡಪ್ಪನ ಮಗಳು ನನ್ನ ಮುಖ ನೋಡಿದಳು, ಅವ್ವನ ಮುಖ ನೋಡಿದಳು, ಆಮೇಲೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುವವಳ ಹಾಗೆ ಮೆಲ್ಲಗೆ ಕುಳಿತುಬಿಟ್ಟಳು. ಕೂಸನ್ನು ತೊಡೆಯ ಮೇಲಿಟ್ಟುಕೊಂಡಿದ್ದ ತಮ್ಮನ ಹೆಂಡತಿ, "ಬರ್ರಿ ಅಕ್ಕಾರ, ಕುಂಚಿಗಿ ಎಲ್ಲೈತ್ರಿ? ಕೂಸಿಗೆ ನಿದ್ದಿ ಬಂದೈತಿ" ಎಂದು ಎರಡೂ ಕೈ ಚಾಚಿ ಕೂಸನ್ನು ಕೊಟ್ಟಳು.

ಕುಂಚಿಗೆ ತೊಡಿಸಿದೆ. ಅಳತೆ ತುಸು ದೊಡ್ಡದಾಗಿತ್ತು. ತೊಟ್ಟಿಲಿಗೆ ಹಾಕಿ, ಬಗ್ಗಿ, ಕಿವಿಯಲ್ಲಿ ಕುರ್ರ್ ಎಂದು ಊದಿ ಹೆಸರು ಹೇಳಿದೆ. ಕೂಸು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿತು. ನಾನು ಉಸಿರು ಬಿಗಿಹಿಡಿದು, ಬೆನ್ನು ಗಟ್ಟಿಮಾಡಿ, ಗುದ್ದಿಗೆ ಕಾದೆ.

ಬಂದವು. ಹಿಟ್ಟು ಜಾಡಿಸಿದ ಹಾಗೆ ಒಂದು, ಧೂಳು ಒರೆಸಿದ ಹಾಗೆ ಇನ್ನೊಂದು. ಯಾರೋ ಬೆನ್ನು ಸವರಿದರು. "ಪಾಪ, ಸಾಕ ಬಿಡ್ರವಾ" ಎಂದಿತು ಒಂದು ದನಿ. ಅಯ್ಯ ನನ್ನ ಶಿವನೇ! ಅಡುಗೆಮನೆಗೆ ಕಳಿಸಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ತೊಟ್ಟಿಲ ಹಗ್ಗ ಹಿಡಿದುಕೊಂಡೇ ಕೂಗಿದೆ:

"ಯಾಕ್ರೀ, ಹೋಳಗಿ ಉಂಡಿಲ್ಲೇನು ಯಾರೂ? ಕೈಯಾಗ ಜೀವ ಇಲ್ಲೇನ್ರಿ? ನಾನೇನು ಮಣ್ಣಿನ ಗಡಿಗೇನು? ಅತ್ತಿ ಆಗೀನಿ, ಗುದ್ರಿ!"

ಯಾರೂ ಅಲುಗಲಿಲ್ಲ. ಆಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು, ಹೀಗೇ ಬಗ್ಗಿ ನಿಂತಿರಬೇಕೇನೋ ಎಂದು. ಅಷ್ಟರಲ್ಲಿ ಬಳೆಯ ಸದ್ದು ಕೇಳಿತು. "ಸರೀರಿ ಎಲ್ಲಾರೂ. ನನ್ನ ಬೆನ್ನ ಮುರದಾಕಿ ಇಕಿ. ಇವತ್ತ ಸಿಕ್ಕಾಳ" ಎಂದು ಹಲ್ಲು ಕಚ್ಚಿ ನಕ್ಕವಳು ದೊಡ್ಡಪ್ಪನ ಮಗಳು. ಆಮೇಲೆ ಎರಡು ಭುಜಗಳ ನಡುವೆ ಧಡ್ ಎಂದು ಬಿತ್ತು. ಕಣ್ಣಿಗೆ ಕತ್ತಲೆ ಬಂತು. "ಹಾಕ ಲೇ ಇನ್ನೊಂದು!" ಅಂದೆ. ಹಾಕಿದಳು. ಅಲ್ಲಿಗೆ ಕಟ್ಟೆ ಒಡೆಯಿತು. ಓಣಿಯ ಮುದುಕಿ ಗುದ್ದಿದಳು, ಬೀಗಿತಿ ಗುದ್ದಿದಳು, ಮಕ್ಕಳಾದಾಕಿನೇ ಬೇಕೆಂದಿದ್ದ ಆಯಿಯೂ ಸೊಂಟ ಹಿಡಿದುಕೊಂಡು ಬಂದು ಒಂದು ಹಾಕಿಹೋದಳು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಕಡೆಯದು ಅವ್ವನದು. ಗುದ್ದಿದ ಮುಷ್ಟಿಯನ್ನು ಅವಳು ಅಲ್ಲೇ ಬೆನ್ನ ಮೇಲೆ ಒತ್ತಿಹಿಡಿದು ನಿಂತಳು.

ತಿರುಗಿ ಬರುವಾಗ ಬಸ್ಸಿನ ಸೀಟಿಗೆ ಬೆನ್ನು ಹಚ್ಚಲಾಗದೆ ಹುಬ್ಬಳ್ಳಿಯ ತನಕ ಮುಂದಿನ ಕಂಬಿ ಹಿಡಿದೇ ಕುಳಿತೆ. ಮನೆಯಲ್ಲಿ ಯಜಮಾನರು ಎಣ್ಣೆ ಬಿಸಿ ಮಾಡಿ ತಂದು, ಬೆನ್ನು ನೋಡಿ ದಂಗಾದರು.

"ಏನಿದು, ಹಿಂಗ ಹೊಡ್ಯಾದೇನ? ಅವ್ರ ಮನಷ್ಯಾರೋ ಏನೋ!"

"ಎಲ್ಲಾ ಅತ್ತ್ಯಾರಿಗೂ ಹಿಂಗ ಹೊಡೀತಾರ್ರಿ" ಅಂದೆ. "ಎಲ್ಲಾರಿಗೆ ಹೊಡದಂಗ ನನಗೂ ಹೊಡದಾರ."

ಹೇಳುತ್ತಿದ್ದ ಹಾಗೆ ಅಳು ಉಕ್ಕಿ ಬಂತು. ನೋವಿಗೆ ಅಳುತ್ತಿದ್ದಾಳೆ ಅಂದುಕೊಂಡು ಅವರು ಇನ್ನಷ್ಟು ಎಣ್ಣೆ ಸುರಿದರು.