ಹಿತ್ತಾಳೆ ತಗಡಿನ ಕುರಿ

ಸೇಲಂನ ಶೇವಾಪೇಟೆಯಲ್ಲಿ ನನ್ನ ಸೋದರಮಾವನಿಗೆ ಒಂದು ಕೆತ್ತನೆ ಅಂಗಡಿ ಇತ್ತು. ಮದುವೆಗೆ ಕೊಡುವ ಎವರ್‌ಸಿಲ್ವರ್, ಅಂದರೆ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೆತ್ತುವುದು, ಡಾಕ್ಟರು ವಕೀಲರಿಗೆ ಹಿತ್ತಾಳೆ ಬೋರ್ಡು ಮಾಡಿಕೊಡುವುದು ಮಾಮನ ಕಸುಬು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಅವನಿಗೆ ಎಲ್ಲಿಂದಲೋ ಕಂಪ್ಯೂಟರ್ ಹುಚ್ಚು ಹಿಡಿಯಿತು. ಕೊಯಮತ್ತೂರಿನಿಂದ ಕಂಪ್ಯೂಟರು ನಡೆಸುವ ಒಂದು ಹಳೆಯ ಸಿಎನ್‌ಸಿ ಕೆತ್ತನೆ ಯಂತ್ರವನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದ. ತಂದದ್ದೇನೋ ತಂದ, ಆಮೇಲೆ ಅದನ್ನು ಮುಟ್ಟಲು ಅವನಿಗೇ ಭಯ. ಅದರ ಮೇಲೆ ಅತ್ತೆಯ ಹಳೆಯ ಸೀರೆ ಹೊದಿಸಿ, ದಿನಾ ಬೆಳಿಗ್ಗೆ ಊದಿನಕಡ್ಡಿ ಹಚ್ಚುತ್ತಿದ್ದ.

ನಾನು ಆಗ ಪಾಲಿಟೆಕ್ನಿಕ್ ಮುಗಿಸಿ ಅದೇ ಅಂಗಡಿಯಲ್ಲಿ ಬಿಲ್ಲು ಬರೆಯುತ್ತ ಕೂತಿದ್ದೆ. ಆ ಕೆಲಸ ನನಗೆ ಒಂದಿಷ್ಟೂ ಹಿಡಿಸುತ್ತಿರಲಿಲ್ಲ. ಕಣ್ಣೆಲ್ಲ ಸೀರೆಯೊಳಗಿದ್ದ ಯಂತ್ರದ ಮೇಲೆ. ಪೀಡಿಸಿ ಪೀಡಿಸಿ ಕೇಳಿದ ಮೇಲೆ ಮಾಮ ಒಂದು ದಿನ ಒಪ್ಪಿದ.

"ಫಸ್ಟ್ ಪ್ಲೇಟು ನೆಟ್ಟಗೆ ಬಂದ್ರೆ ಮಿಷನ್ ನಿಂದು. ಬರ್ನಿಲ್ವಾ, ಅದು ಕೊಯಮತ್ತೂರಿಗೆ ವಾಪಸ್ ಓಯ್ತದೆ, ನೀನು ಬಿಲ್ ಬುಕ್ ಇಡ್ಕಂಡು ಕುಂತ್ಕಬೇಕು. ಆಮೇಲೆ ಅತ್ಕಂಡು ಬರ್ಬಾರ್ದು," ಎಂದ.

ಆ ಮೊದಲ ಪ್ಲೇಟು ಮೇಚೇರಿ ಕಡೆಯ ಒಂದು ಹಳ್ಳಿಯ ಕುರಿ ಸಾಕುವವರ ಸಂಘದ್ದು. ನಮ್ಮ ಹಾಗೆ ಮನೆಯಲ್ಲಿ ಕನ್ನಡ ಆಡುವವರೇ ಆದ ಸಂಘದ ಯಜಮಾನರು ಮೀಸೆ ತಿರುವುತ್ತ ಬಂದು, ಹೊಸ ಆಫೀಸಿನ ಬಾಗಿಲಿಗೆ ಅಡಿ ಅಗಲದ ಹಿತ್ತಾಳೆ ಫಲಕ ಬೇಕು ಎಂದರು. ಅದರ ನಡುವೆ ಸಂಘದ ಮುದ್ರೆ ಇರಬೇಕು: ಒಂದು ವೃತ್ತ, ಅದರೊಳಗೆ ಒಂದು ಕುರಿ. ಮುದ್ರೆಯ ಮಾದರಿ ಎಂದು ಅವರು ಜೇಬಿನಿಂದ ತೆಗೆದದ್ದು ನಾಲ್ಕು ಮಡಿಕೆಯಾಗಿ ಬೆವರಿನಲ್ಲಿ ನೆಂದ ಒಂದು ಲೆಟರ್‌ಹೆಡ್. ಪ್ರೆಸ್ಸಿನವನು ಸವೆದ ಬ್ಲಾಕಿನಲ್ಲಿ ಒತ್ತಿದ್ದ ಆ ಕುರಿ ಲೋಟದ ತಳದಷ್ಟೂ ಅಗಲವಿರಲಿಲ್ಲ.

ಪಕ್ಕದ ಡಿಟಿಪಿ ಸೆಂಟರಿನಲ್ಲಿ ಅದನ್ನು ಸ್ಕ್ಯಾನ್ ಮಾಡಿಸಿ ಫ್ಲಾಪಿಯಲ್ಲಿ ತಂದೆ. ಯಂತ್ರಕ್ಕೆ ಚಿತ್ರ ಅರ್ಥವಾಗುವುದಿಲ್ಲ, ದಾರಿ ಮಾತ್ರ ಅರ್ಥವಾಗುತ್ತದೆ. ಇಲ್ಲಿ ಇಳಿ, ಇಲ್ಲಿಂದ ಅಲ್ಲಿಗೆ ಕೊರೆ, ಅಲ್ಲಿ ಏಳು ಎಂದು ನಾವೇ ದಾರಿ ತೋರಿಸಬೇಕು. ಅದಕ್ಕೆ ಮೊದಲು ಕಂಪ್ಯೂಟರು ಚಿತ್ರದ ಅಂಚನ್ನು ಹಿಡಿದು ಗೆರೆ ಎಳೆಯುತ್ತದೆ. ಎಳೆಯಿತು ನೋಡಿ, ಕಾಗದದ ಮಡಿಕೆ, ಶಾಯಿಯ ಕಲೆ, ಯಜಮಾನರ ಬೆವರು, ಎಲ್ಲದಕ್ಕೂ ಗೆರೆ! ಕುರಿಯ ಮೈಯಲ್ಲಿ ಹುರಿಗಡಲೆ ಚೆಲ್ಲಿದ ಹಾಗೆ ಚುಕ್ಕಿಗಳು. ಒಂದೊಂದನ್ನೇ ಅಳಿಸಿ ಗೆರೆಯನ್ನು ನಯ ಮಾಡುವಷ್ಟರಲ್ಲಿ ನನ್ನ ಕಣ್ಣು ಕೆಂಪಗಾಗಿತ್ತು. ಕೊನೆಗೆ ತಲೆಯ ಹತ್ತಿರ ಬಂದು ಸಿಕ್ಕಿಕೊಂಡೆ. ತಲೆಯ ಎರಡೂ ಪಕ್ಕದಲ್ಲಿ ಮೋಟು ಗೆರೆಗಳು ಹೊರಟು ಅರ್ಧದಲ್ಲೇ ಮಾಯವಾಗಿದ್ದವು.

"ಮಾಮ, ಇದೇನು? ಲೈನು ನಡೂಕೇ ನಿಂತೋಗೈತೆ," ಎಂದೆ.

ಮಾಮ ಕನ್ನಡಕ ಏರಿಸಿ ನೋಡಿದ. "ಕೊಂಬು ಕಣೇ. ಬ್ಲಾಕ್‌ನಾಗೆ ಸವ್ದೋಗೈತೆ. ಕುರಿ ಅಂದ್ಮೇಲೆ ಕೊಂಬು ಬೇಡ್ವಾ? ಮೇಲಕ್ಕೆ ಚೆನ್ನಾಗಿ ಸುತ್ತಿ ಬುಡು."

ನಮ್ಮ ಮನೆಯವರಿಗೆ ಕುರಿಯ ಪರಿಚಯವೆಲ್ಲ ಸಾರಿನಲ್ಲಿ. ತಲೆಕಾಲು ತರಿಸಿದರೂ ಅಂಗಡಿಯವನೇ ಸುಟ್ಟು ಕಡಿದು ಕೊಡುತ್ತಿದ್ದ, ಕೊಂಬಿತ್ತೋ ಇಲ್ಲವೋ ಎಂದು ಕೇಳಿದವರಾರು? ನಾನು ಎರಡು ಸೊಗಸಾದ ಸುರುಳಿ ಎಳೆದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಒಮ್ಮೆ ಪರೀಕ್ಷೆ ಮಾಡಿ, ಹಿತ್ತಾಳೆ ತಗಡನ್ನು ಬಿಗಿದು ಕೊರೆಸಿದೆ. ಗೆರೆಗಳು ಕೂದಲಿನಂತೆ ಬಂದವು. ಮಾಮ ಬೀದಿಯವರನ್ನೆಲ್ಲ ಕರೆದು ತೋರಿಸಿದ. ನಾನು ಮನಸ್ಸಿನಲ್ಲೇ ಬಿಲ್ ಬುಕ್ಕಿಗೆ ಕೈಮುಗಿದು ಬೀಳ್ಕೊಟ್ಟೆ.

ಮಾರನೇ ದಿನ ಯಜಮಾನರು ಬಸ್ಸಿಳಿದು ನೇರ ಅಂಗಡಿಗೆ ಬಂದರು. ಫಲಕವನ್ನು ಕೈಯಲ್ಲಿ ಹಿಡಿದು ಹತ್ತಿರ ತಂದರು, ದೂರ ಹಿಡಿದರು.

"ಇದ್ಯಾರ ಮನೆ ಕುರಿ?" ಎಂದರು.

"ನಿಮ್ದೇ ಯಜಮಾನ್ರೇ," ಎಂದ ಮಾಮ.

"ನಮ್ದಾ? ನಮ್ ಮೇಚೇರಿ ಕುರಿಗೆ ಕೊಂಬು ಎಲ್ಲೈತೆ? ಎಣ್ಣಿಗೂ ಇಲ್ಲ, ಟಗರಿಗೂ ಇಲ್ಲ. ಕಣ್ಮುಚ್ಕಂಡು ತಲೆ ತಡವಿದ್ರೂ ನಮ್ ಕುರಿ ಅಂತ ಗೊತ್ತಾಗ್ಬೇಕು. ಇದು ಕಿವಿ ಕಣಯ್ಯಾ, ಕಿವಿ. ನಾಳಿದ್ದು ಆಪೀಸು ತೆಗೆಯೋದು. ಇದ್ನ ಬಾಕ್ಲಿಗೆ ಒಡುದ್ರೆ ಪಕ್ಕದ ಕೊಳತ್ತೂರೋರು ಬಸ್ ಇಡ್ಕಂಡು ಬಂದು ನಗ್ತಾರೆ."

ಮಾಮನೋ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಸುರುಳಿ ಸುತ್ತಲು ಹೇಳಿದವನು ತಾನೇ ಎಂಬುದನ್ನು ಅಲ್ಲೇ ಮರೆತು, "ಕಂಪ್ಯೂಟರ್ ಮಿಸ್ಟೇಕು ಯಜಮಾನ್ರೇ. ಎನ್ನ ಪಣ್ಣುವದು?" ಎಂದ. ಏನು ಮಾಡೋದು ಎಂದು ತಮಿಳಿನಲ್ಲಿ ಅವರನ್ನು ಕೇಳಿದವನೇ ಬಿಲ್ ಬುಕ್ಕನ್ನು ಮೆಲ್ಲಗೆ ನನ್ನ ಕಡೆಗೆ ತಳ್ಳಿದ. ಅವನ ತಲೆಯ ಮೇಲೆಯೇ ಎರಡು ಕೊಂಬು ಕೆತ್ತುವಷ್ಟು ಸಿಟ್ಟು ಬಂತು ನನಗೆ.

ಆ ದಪ್ಪದ ಇನ್ನೊಂದು ತಗಡು ಅಂಗಡಿಯಲ್ಲಿರಲಿಲ್ಲ, ತರಿಸಲು ವಾರ ಬೇಕು. ಹಿತ್ತಾಳೆಯಲ್ಲಿ ಕೊರೆದದ್ದು ಕೊರೆದದ್ದೇ, ಉಜ್ಜಿ ಅಳಿಸುವ ರಬ್ಬರು ಇನ್ನೂ ಹುಟ್ಟಿಲ್ಲ. ಯಜಮಾನರು ಬೇಸರದಿಂದ ಟವೆಲ್ ಕೊಡವಿದರು.

"ಕೊಂಬು ತಾನೇ ಅಮ್ಮಣ್ಣಿ, ಕುಯ್ದಾಕು ಅತ್ಲಾಗಿ," ಎಂದರು ನನಗೆ.

ಅವರು ಹಂಗಿಸಿದ್ದು. ನನಗೆ ಮಾತ್ರ ಅದು ನಾಟಿತು. ಕೊಂಬುಗಳಿದ್ದದ್ದು ತಲೆಯ ಆಚೆ, ವೃತ್ತದೊಳಗಿನ ಖಾಲಿ ಜಾಗದಲ್ಲಿ. ಆ ಖಾಲಿ ಜಾಗವನ್ನೇ ತಗ್ಗಾಗಿ ಕೊರೆದುಬಿಟ್ಟರೆ? ಕುರಿ ಉಬ್ಬಾಗಿ ಉಳಿಯುತ್ತದೆ, ಸುತ್ತಲಿನ ಹಿತ್ತಾಳೆಯ ಜೊತೆ ಕೊಂಬೂ ಪುಡಿಯಾಗಿ ಹೋಗುತ್ತದೆ. ಇಷ್ಟು ದಿನ ಯಂತ್ರಕ್ಕೆ ಕುರಿ ಇರುವ ದಾರಿ ತೋರಿಸಿದ್ದೆ, ಈಗ ಕುರಿ ಇಲ್ಲದ ದಾರಿ ತೋರಿಸಬೇಕು.

ಕಂಪ್ಯೂಟರಿನ ಮುಂದೆ ಕೂತು ಕೊಂಬು ಅಳಿಸಿದೆ. ಕೊಂಬಿನ ಕೆಳಗೆ ಇನ್ನೂ ಏನೂ ಕೊರೆಯದ ಜಾಗವಿತ್ತು, ಅಲ್ಲಿ ಕಿವಿ ಬರೆದೆ. ಯಜಮಾನರು ನನ್ನ ಹಿಂದೆಯೇ ನಿಂತಿದ್ದರು.

"ಇನ್ನೂ ಇಳ್ಸು. ಅದೇನ್ ಮೊಲವಾ, ಕಿವಿ ನಿಗುರ್ಸ್ಕಂಡು ನಿಂತ್ಕಳಕ್ಕೆ?"

ಇಳಿಸಿದೆ. ತಗಡು ಮೊದಲಿದ್ದ ಜಾಗದಲ್ಲೇ ಕೂರಬೇಕು, ಕೂದಲಷ್ಟು ಸರಿದರೂ ಯಂತ್ರದ ಉಳಿಯು ಕುರಿಯ ಮೂಗು ಕೊಯ್ದುಕೊಂಡು ಹೋಗುತ್ತದೆ. ಮೂಲೆಗೆ ಹಾಕಿದ್ದ ಅಡ್ಡಪಟ್ಟಿಗಳನ್ನು ನಾನು ಪುಣ್ಯಕ್ಕೆ ಬಿಚ್ಚಿರಲಿಲ್ಲ. ಅವಕ್ಕೆ ಒತ್ತಿ ತಗಡು ಬಿಗಿದು, ಹಳೆಯ ಗೆರೆಗಿಂತ ತುಸು ಆಳಕ್ಕೆ ಉಳಿ ಇಳಿಸಿ ಶುರು ಮಾಡಿದೆ. ಉಳಿ ಸಾಲು ಹಿಡಿದು ಅತ್ತ ಹೋಗುವುದು, ಇತ್ತ ಬರುವುದು.

"ರಾಗಿ ಒಲದ ಅಕ್ಕಡಿ ಸಾಲಿನಾಗೆ ಕುರಿ ಬುಟ್ಟಂಗೆ ಐತೆ. ಒಂದು ಎಲೆ ಬುಡದೆ ಮೇಯ್ತದೆ," ಎಂದು ಯಜಮಾನರು ಸ್ಟೂಲು ಎಳೆದುಕೊಂಡು ಕೂತೇ ಬಿಟ್ಟರು.

ಅರ್ಧ ಮೇಯ್ದಿತ್ತು, ಆಗ ವೋಲ್ಟೇಜ್ ಇಳಿದು ಫ್ಯಾನು ನಿಧಾನವಾಯಿತು. ಕರೆಂಟು ಹೋದರೆ ಯಂತ್ರ ತಾನು ನಿಂತ ಜಾಗವನ್ನೇ ಮರೆಯುತ್ತದೆ, ಆಮೇಲೆ ಅದನ್ನು ಕೂದಲೆಳೆ ತಪ್ಪದಂತೆ ಅಲ್ಲಿಗೇ ತರುವುದು ನನ್ನ ಕೈಯಲ್ಲಿ ಆಗದ ಮಾತು. ನಾನು ಹಾಗೆಂದದ್ದೇ ತಡ, ಮಾಮ ಎದ್ದು ಫ್ಯಾನು ಆರಿಸಿದ, ಲೈಟು ಆರಿಸಿದ, ರೇಡಿಯೋ ಆರಿಸಿದ, ಪಕ್ಕದ ಡಿಟಿಪಿಯವನಿಗೂ ಆರಿಸಲು ಹೇಳಿ ಬೈಸಿಕೊಂಡು ಬಂದ. ಕೊಯಮತ್ತೂರಿಗೆ ಯಂತ್ರ ಕಳಿಸುತ್ತೇನೆಂದವನೇ ಈಗ ಅದಕ್ಕೆ ಬೀಸಣಿಗೆ ಹಿಡಿದು ಗಾಳಿ ಹಾಕುತ್ತಿದ್ದ. ಮೂವರೂ ಬೆವರಿನಲ್ಲಿ ತೊಯ್ದು ಕೂತೆವು. ಕರೆಂಟು ಹೋಗಲಿಲ್ಲ.

ಉಳಿ ನಿಂತ ಮೇಲೆ ಬ್ರಷ್ಷಿನಿಂದ ಪುಡಿ ಗುಡಿಸಿ, ಸೀಮೆಎಣ್ಣೆಯಲ್ಲಿ ಒರೆಸಿದೆ. ಕುರಿ ಕಿವಿ ಇಳಿಬಿಟ್ಟುಕೊಂಡು ಉಬ್ಬಾಗಿ ನಿಂತಿತ್ತು. ಯಜಮಾನರು ಕಣ್ಣು ಮುಚ್ಚಿ ಅದರ ತಲೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಇದು ನಮ್ ಕುರಿ," ಎಂದರು.

ಮಾಮನಿಗೆ ಜೀವ ಬಂತು. "ನಮ್ ಮಿಷನ್ ಅಂದ್ರೆ ಸುಮ್ನೇನಾ ಯಜಮಾನ್ರೇ."

"ಮಿಷನ್ ಕೊಂಬು ಇಕ್ತು. ತೆಗೆದದ್ದು ಈ ಅಮ್ಮಣ್ಣಿ," ಎಂದು ಯಜಮಾನರು ಫಲಕವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡರು. "ಬಿಲ್ಲು ಬರೀರಿ, ಬಸ್ಸಿಗೆ ಒತ್ತಾಯ್ತು."

ಅಭ್ಯಾಸಬಲ, ನಾನೇ ಎದ್ದು ಬಿಲ್ ಬುಕ್ಕಿಗೆ ಕೈ ಚಾಚಿದೆ. ಅಷ್ಟರಲ್ಲಿ ಮಾಮನ ಕೈ ಅದರ ಮೇಲಿತ್ತು.

"ನೀ ಓಗಿ ಮಿಷನ್ ಒರ್ಸು," ಎಂದ, ನನ್ನ ಮುಖ ನೋಡದೆ.

ಒರೆಸುತ್ತ ಒರೆಸುತ್ತ ಅವನನ್ನೇ ನೋಡಿದೆ. ನನ್ನ ಸ್ಟೂಲಿನ ಮೇಲೆ ಕೂತು, ಪೆನ್ನು ಹುಡುಕಿ, ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದ. ಕಾರ್ಬನ್ ಹಾಳೆಯನ್ನು ತಲೆಕೆಳಗಾಗಿ ಇಟ್ಟಿದ್ದ. ನಾನು ಹೇಳಲಿಲ್ಲ. ಅದು ಇನ್ನು ಅವನ ಕೆಲಸ.