ಎರಡು ಸಲ ಜಗ್ಗಿದ ಹಗ್ಗ

ದೆವ್ವ, ಗಾಳಿ, ಸೋಂಕು ಎಂದರೆ ನಗುತ್ತಿದ್ದವನು ನಾನು. ಸುಮ್ಮನೆ ನಕ್ಕು ಬಿಡುತ್ತಿರಲಿಲ್ಲ, ಹೇಳುವವರನ್ನು ಕಾಡಿಸಿ ಅಳುವ ಹಾಗೆ ಮಾಡುತ್ತಿದ್ದೆ. "ನಿಮ್ಮ ದೆವ್ವಕ್ಕ ಹಗಲ ಪಾಳಿ ಇಲ್ಲೇನ್ರಿ?" ಎಂದು ಕೇಳುತ್ತಿದ್ದೆ. ನಮ್ಮ ದೊಡ್ಡವ್ವ ಹುಣಸೆ ಮರದ ಕೆಳಗೆ ಕಂಡದ್ದನ್ನು ಹೇಳಲು ಬಾಯಿ ತೆರೆದರೆ ಸಾಕು, ಆವತ್ತು ಕನ್ನಡಕ ಹಾಕಿಕೊಂಡಿದ್ದೆಯೋ ಇಲ್ಲವೋ ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದೆ. ಈಗ ನನ್ನ ಸರದಿ ಬಂದಿದೆ. ನನಗೆ ಆದದ್ದು ಹಾಡಹಗಲಿನಲ್ಲಿ, ಮಧ್ಯಾಹ್ನದ ಹನ್ನೆರಡೂವರೆಗೆ, ನೆತ್ತಿ ಸುಡುವ ಬಿಸಿಲಿನಲ್ಲಿ. ನೀವು ನಂಬಲೇಬೇಕೆಂದು ನಾನು ಹೇಳುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಂಬುತ್ತಿರಲಿಲ್ಲ.

ಮೊದಲು ನನ್ನ ಕಸುಬು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ವಿಜಯಪುರದ ಅಥಣಿ ರಸ್ತೆಯಲ್ಲಿ ನನ್ನದೊಂದು ಮೋಟರು ರಿಪೇರಿ ಅಂಗಡಿ ಇದೆ. ಸುಟ್ಟ ಮೋಟರುಗಳಿಗೆ ತಂತಿ ಸುತ್ತುತ್ತೇನೆ, ಬೋರಿನೊಳಗೆ ಕೆಟ್ಟು ಕೂತ ಪಂಪುಗಳನ್ನು ಮೇಲೆತ್ತುತ್ತೇನೆ, ತೆರೆದ ಬಾವಿಗಳಲ್ಲಿ ಪೈಪು ಜೋಡಿಸುತ್ತೇನೆ. ಬಾವಿಯ ಕೆಲಸದಲ್ಲಿ ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೆಳಗೆ ಇಳಿಯುತ್ತಾನೆ, ಇನ್ನೊಬ್ಬ ಮೇಲೆ ಹಗ್ಗ ಹಿಡಿದು ನಿಲ್ಲುತ್ತಾನೆ. ಆಳದ ಬಾವಿಯಲ್ಲಿ ಮಾತು ಕೇಳುವುದಿಲ್ಲ, ಎಲ್ಲ ದನಿಯೂ ಗೋಡೆಗೆ ಬಡಿದು ಕಲಸಿಹೋಗುತ್ತದೆ. ಅದಕ್ಕೆ ಹಗ್ಗದಲ್ಲೇ ಮಾತು. ಒಂದು ಸಲ ಜಗ್ಗಿದರೆ ಸಡಿಲ ಬಿಡು ಎಂದು. ಎರಡು ಸಲ ಜಗ್ಗಿದರೆ ನನ್ನನ್ನು ಎಳೆ ಎಂದು. ಮೂರು ಸಲ ಎಂದರೆ ಹಗ್ಗ ಬಿಚ್ಚಿದ್ದೇನೆ ಎಂದು. ನನಗೆ ಕೆಲಸ ಕಲಿಸಿದ ಹಿರಿಯ ಒಂದೇ ಮಾತು ಹೇಳಿಕೊಟ್ಟಿದ್ದ: "ಎರಡ ಸಲ ಜಗ್ಗಿದ್ರ ಯಾಕಂತ ಕೇಳಬಾರ್ದು, ಎಳೀಬೇಕು." ಈ ಕಸುಬು ಮಾಡಿದ ಎಲ್ಲರಿಗೂ, ಬಾವಿ ಇದ್ದ ಹಳೆಯ ಒಕ್ಕಲುತನದವರಿಗೂ ಇದು ಗೊತ್ತು.

ನೀರಿನ ಕಸುಬು ಮಾಡುವ ನನಗೆ ಈಜು ಬರುವುದಿಲ್ಲ. ನಗಬೇಡಿ. ಮೇಲೆ ನಿಂತು ಹಗ್ಗ ಹಿಡಿಯುವುದೇ ನನ್ನ ಪಾಲಿಗೆ ಬಂದದ್ದು.

ದಸ್ತಗೀರ ನನ್ನ ಗೆಳೆಯ. ನನ್ನ ಅಂಗಡಿಯ ಪಕ್ಕದಲ್ಲಿ ಅವನದು ಲಾರಿ ಟಾಯರಿನ ಪಂಚರ್ ಅಂಗಡಿ. ಅವನ ವಾರದ ರಜೆ, ನನ್ನ ವಾರದ ರಜೆ ಒಂದೇ ದಿನ, ಆ ದಿನ ಇಬ್ಬರೂ ಮೀನು ಹಿಡಿಯಲು ಹೋಗುತ್ತಿದ್ದೆವು. ಕಾಲುವೆ ನೀರು ಬಂದು ನಮ್ಮ ಭಾಗದ ಒಣ ಕೆರೆಗಳೆಲ್ಲ ತುಂಬಿದ ಮೇಲೆ ಹತ್ತಿದ ಚಟ ಇದು. ಅದಕ್ಕೂ ಮೊದಲು ಮೀನೆಂದರೆ ಮಾರ್ಕೆಟ್ಟಿನಲ್ಲಿ ಬರ್ಫದ ಮೇಲೆ ಮಲಗಿರುವ ಪದಾರ್ಥ ಎಂದಷ್ಟೇ ನಮಗೆ ಗೊತ್ತಿತ್ತು. ಗಾಳ, ದಾರ, ಶೇಂಗಾ ಹಿಂಡಿ ಕಲಸಿದ ಹಿಟ್ಟು, ಅವನ ಅಂಗಡಿಯ ಒಂದು ದೊಡ್ಡ ಲಾರಿ ಟ್ಯೂಬು, ನನ್ನ ಅಂಗಡಿಯ ಒಂದು ಪ್ಲಾಸ್ಟಿಕ್ ಹಗ್ಗ, ಎರಡು ಬುತ್ತಿ. ಸಂಜೆ ಬರುವಾಗ ಚೀಲದಲ್ಲಿ ನಾಲ್ಕು ಜಿಲೇಬಿ ಮೀನು ಇದ್ದರೆ ಹೆಚ್ಚು. ಗುಡ್ಡ ಅಗೆದು ಇಲಿ ಹಿಡಿದು ತಂದರು ಎಂದು ನನ್ನ ಹೆಂಡತಿ ಬಾಗಿಲಲ್ಲೇ ಸ್ವಾಗತ ಮಾಡುತ್ತಿದ್ದಳು.

ಆವತ್ತು ಬೆಳಿಗ್ಗೆ ಅರಕೇರಿ ಕಡೆ ಕೂತೆವು. ಒಂದೂ ಬೀಳಲಿಲ್ಲ. ಹತ್ತು ಗಂಟೆಗೆ ಎದ್ದು ತಿಕೋಟಾದಲ್ಲಿ ಚಹಾ ಕುಡಿದು, ಅಲ್ಲಿಂದ ಬಬಲೇಶ್ವರದ ಕಡೆ ಒಳದಾರಿ ಹಿಡಿದು ಒಂದು ಕೆರೆಗೆ ಹೋದೆವು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಅದೇ ನೀರು ಕುಡಿಯುತ್ತಾರೆ, ನನ್ನ ಮಾತಿನಿಂದ ಅವರಿಗೆ ಸಂಕಟ ಆಗುವುದು ಬೇಡ. ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಕೆರೆ ಅದು. ಒಣಗಿದ್ದಾಗ ಅದರ ಅಂಗಳದಲ್ಲಿ ಜಾಲಿ ಬೆಳೆದಿತ್ತು, ಜನ ಹೊಲ ಮಾಡಿಕೊಂಡಿದ್ದರು. ನೀರು ಬಂದಾಗ ಎಲ್ಲ ಮುಳುಗಿತು. ಸತ್ತ ಜಾಲಿಗಳ ತುದಿಗಳು ಮಾತ್ರ ನೀರಿನ ಮೇಲೆ ಅಲ್ಲಲ್ಲಿ ಗುಂಪಾಗಿ ಎದ್ದು ನಿಂತಿದ್ದವು. ದೊಡ್ಡ ಮೀನು ಅಲ್ಲೇ ಇರುತ್ತವೆ.

ಸುಮಾರು ಹನ್ನೆರಡಕ್ಕೆ ದಸ್ತಗೀರನ ಗಾಳಕ್ಕೆ ಒಂದು ದೊಡ್ಡ ಕಟ್ಲಾ ಮೀನು ಬಿತ್ತು. ನಾವಿಬ್ಬರೂ ಅಷ್ಟು ದೊಡ್ಡದನ್ನು ಹಿಡಿದವರಲ್ಲ. ಅದು ದಾರ ಎಳೆದುಕೊಂಡು ನೇರವಾಗಿ ಜಾಲಿಯೊಳಗೆ ಹೊಕ್ಕು ಸಿಕ್ಕಿಕೊಂಡಿತು. ಹೋಗಲಿ ಬಿಡು ಎಂದೆ. ದಸ್ತಗೀರ ಕೇಳುವವನಲ್ಲ. ಫೋನು ತೆಗೆದು ಚೀಲದಲ್ಲಿಟ್ಟ, ಟ್ಯೂಬಿನ ಮೇಲೆ ಕೂತ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟ. "ಬಾವಿ ಲೆಕ್ಕಾನ ಇಟ್ಕೋ" ಎಂದು ಹೇಳಿ ಕೈಯಿಂದ ನೀರು ತಳ್ಳುತ್ತ ಹೋದ.

ಜಾಲಿಯ ಗುಂಪಿನ ಹಿಂದೆ ಅವನು ಮರೆಯಾದ. ನೀರಿನ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು, ಗಾಳಿಯೂ ಜೋರಾಗಿತ್ತು. ಒಂದು ಸಲ ಹಗ್ಗ ಜಗ್ಗಿತು, ಸಡಿಲ ಬಿಟ್ಟೆ. ಮತ್ತೊಂದು ಸಲ ಜಗ್ಗಿತು, ಬಿಟ್ಟೆ. ಹಗ್ಗ ಮುಗಿಯುತ್ತ ಬಂತು, ತುದಿಯನ್ನು ಮುಂಗೈಗೆ ಸುತ್ತಿಕೊಂಡು ಕೂತೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಒಂದು ಬೀಡಿ ಸೇದಿ ಮುಗಿಸಿದೆ.

ಆಗ ಎರಡು ಸಲ ಜಗ್ಗಿತು.

ಎದ್ದು ಎಳೆಯತೊಡಗಿದೆ. ಟ್ಯೂಬಿನ ಮೇಲೆ ಕೂತವನನ್ನು ಎಳೆದರೆ ಹಗುರ ಬರುತ್ತದೆ, ಎಮ್ಮೆ ನೀರಿನಲ್ಲಿ ತೇಲಿ ಬಂದ ಹಾಗೆ. ಇದು ಹಾಗೆ ಬರಲಿಲ್ಲ. ಭಾರವಾಗಿ, ಕೆಳಗಿನಿಂದ ಬಂತು. ನಾನು ಬೋರಿನಿಂದ ಎಷ್ಟು ಮೋಟರು ಎತ್ತಿದ್ದೇನೋ ಲೆಕ್ಕವಿಲ್ಲ. ಕಬ್ಬಿಣದ ತೂಕ, ಕೆಸರಿನ ತೂಕ, ಮನುಷ್ಯನ ತೂಕ ನನ್ನ ಕೈಗೆ ಬೇರೆ ಬೇರೆಯಾಗಿ ಗೊತ್ತಾಗುತ್ತವೆ. ಬಂದದ್ದು ಮನುಷ್ಯನ ತೂಕ. ಏಳೆಂಟು ಮಾರು ಬಂದು ನಿಂತುಬಿಟ್ಟಿತು. ನಿಂತ ಮೇಲೆ ಮತ್ತೆ ಎರಡು ಸಲ ಜಗ್ಗಿತು.

ಟ್ಯೂಬು ಮುಳ್ಳಿಗೆ ಒಡೆದು ಅವನು ನೀರಿನೊಳಗೆ ಹೋಗಿದ್ದಾನೆ, ಜಾಲಿಯಲ್ಲಿ ಸಿಕ್ಕಿಕೊಂಡಿದ್ದಾನೆ ಎಂದೇ ತಿಳಿದೆ. ದಸ್ತೂ ದಸ್ತೂ ಎಂದು ಕೂಗಿದೆ, ಗಾಳಿ ನನ್ನ ದನಿಯನ್ನು ನನ್ನ ಬಾಯಿಗೇ ತಳ್ಳಿತು. ಕೆರೆ ಏರಿಯ ಮೇಲೆ ಒಂದು ನರಪಿಳ್ಳೆ ಇಲ್ಲ. ಬುದ್ಧಿಗೆಟ್ಟು ಅವನಿಗೇ ಫೋನು ಮಾಡಿದೆ. ಅದು ನನ್ನ ಕಾಲ ಬುಡದ ಚೀಲದಲ್ಲಿ ರಿಂಗಾಯಿತು. ಎದೆಮಟ್ಟ ನೀರಿನವರೆಗೆ ಹೋದೆ. ಅದರಾಚೆ ಕಾಲಿಗೆ ನೆಲ ಸಿಗಲಿಲ್ಲ, ಹಿಂದಕ್ಕೆ ಬಂದೆ. ಹಗ್ಗ ಎರಡು ಸಲ ಜಗ್ಗುತ್ತಿತ್ತು, ಸುಮ್ಮನಾಗುತ್ತಿತ್ತು, ಮತ್ತೆ ಎರಡು ಸಲ ಜಗ್ಗುತ್ತಿತ್ತು. ಅವನ ಹೆಂಡತಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ಓಡುತ್ತಿತ್ತು. ಅಳುತ್ತಲೇ ಎಳೆಯುತ್ತಿದ್ದೆ. ಅಂಗೈ ಸುಲಿದುಹೋಗಿತ್ತು.

"ಲೇ, ಯಾರ್ನ ಎಳ್ಯಾಕತ್ತೀ?"

ಹಿಂದಿನಿಂದ ಬಂತು ಮಾತು. ತಿರುಗಿ ನೋಡಿದರೆ ದಸ್ತಗೀರ, ಟ್ಯೂಬು ಹೆಗಲಿಗೆ ಹಾಕಿಕೊಂಡು ನಿಂತಿದ್ದಾನೆ. ಅವನು ತನ್ನ ಪಾಡಿಗೆ ತಾನು ಹೇಳುತ್ತಲೇ ಇದ್ದ. "ಹಗ್ಗ ಸಾಲ್ಲಿಲ್ಲ. ಬಿಚ್ಚಿ ಜಾಲಿ ಟೊಂಗಿಗೆ ಕಟ್ಟಿ ಮುಂದ ಹ್ವಾದೆ. ಗಾಳಿ ಆಕಡೆ ದಂಡಿಗೆ ಒಯ್ದು ಒಗೀತು. ಏರಿ ಮ್ಯಾಲ ಸುತ್ತ ಹಾಕ್ಕೊಂಡ ಬಂದೆ. ಮೀನೂ ಹೋತು."

ಮೂರು ಸಲ ಜಗ್ಗದೆ ಹಗ್ಗ ಬಿಚ್ಚಿದ್ದ. ಬಾವಿ ಕೆಲಸದವನು ಎಂದೂ ಮಾಡದ ತಪ್ಪು. ಅವನ ಕಪಾಳಕ್ಕೆ ಹೊಡೆಯಬೇಕು ಎನ್ನಿಸಿತು, ತಬ್ಬಿಕೊಳ್ಳಬೇಕು ಎಂದೂ ಎನ್ನಿಸಿತು. ಎರಡೂ ಮಾಡುವ ಮೊದಲು ನನ್ನ ಕೈಯಲ್ಲಿದ್ದ ಹಗ್ಗ ಮತ್ತೆ ಎರಡು ಸಲ ಜಗ್ಗಿತು.

ಹಗ್ಗವನ್ನು ಅವನ ಕೈಗೆ ಕೊಟ್ಟೆ. ಅವನು ಹಿಡಿದ. ಒಂದು ಕ್ಷಣ ನಗುತ್ತಿದ್ದ. ಆಮೇಲೆ ಅವನ ಮುಖ ಬಿಳುಪೇರಿದ್ದನ್ನು ಕಂಡೆ. ಟೊಂಗೆ ಅಲ್ಲಾಡಿರಬೇಕು ಎಂದು ನೋಡಿದ. ಅವನು ಕಟ್ಟಿದ ಟೊಂಗೆ ಮುರಿದು ನೀರಿನ ಮೇಲೆ ತೇಲುತ್ತಿತ್ತು. ನಾನು ಎಳೆದ ರಭಸಕ್ಕೇ ಮುರಿದಿರಬಹುದು. ಆದರೆ ಹಗ್ಗ ಅದರ ಪಕ್ಕದಿಂದ ಹಾದು, ಬಿಗಿಯಾಗಿ, ಓರೆಯಾಗಿ ನೀರಿನ ತಳಕ್ಕೆ ಇಳಿದಿತ್ತು.

ಇಬ್ಬರೂ ಕೂಡಿ ಎಳೆದೆವು. ಎರಡು ಮಾರು ಬಂತು, ಮುಂದೆ ಬರಲಿಲ್ಲ. ನೀವು ಮೀನು ಅನ್ನುತ್ತೀರಿ, ನನಗೆ ಗೊತ್ತು. ಮೀನು ಓಡುತ್ತದೆ, ಹೊರಳುತ್ತದೆ, ಹಗ್ಗವನ್ನು ಅತ್ತ ಇತ್ತ ಒಯ್ಯುತ್ತದೆ. ಇದು ಎಲ್ಲಿಗೂ ಒಯ್ಯಲಿಲ್ಲ. ಎರಡು ಸಲ ಜಗ್ಗಿ ಕಾಯುತ್ತಿತ್ತು. ನಾವು ಎಳೆಯಲೆಂದು ಕಾಯುತ್ತಿತ್ತು. ನಾವು ಎಳೆದು ಸೋತು ನಿಂತ ಮೇಲೆ ಮತ್ತೆ ಎರಡು ಸಲ. ಒಂದೊಂದು ಸಲಕ್ಕೂ ಆ ಜಗ್ಗು ಸಣ್ಣದಾಗುತ್ತ ಬಂತು, ದಮ್ಮು ಕಡಿಮೆಯಾದವನ ಹಾಗೆ. ನನ್ನನ್ನು ಈಗಲೂ ಕಾಡುವುದು ಅದೇ. ಹೆದರಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ಬಿಡ, ಬಿಟ್ಟಬಿಡೋ" ಎಂದ ದಸ್ತಗೀರ. ತಾನು ಮಾತ್ರ ಬಿಡಲಿಲ್ಲ. ಬಾಯಲ್ಲಿ ದುವಾ ಹೇಳುತ್ತಿದ್ದ, ಕೈಯಲ್ಲಿ ಹಗ್ಗ ಹಿಡಿದಿದ್ದ. ಬಿಡಲೂ ಆಗದು, ಎತ್ತಲೂ ಆಗದು. ಇಬ್ಬರು ಗಟ್ಟಿಮುಟ್ಟಾದ ಗಂಡಸರು ನಡುಹಗಲಲ್ಲಿ ಹಾಗೆ ನಿಂತಿದ್ದೆವು.

ಇನ್ನು ಮುಂದಿನದನ್ನು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಕೇಳಿದವರಿಗೆಲ್ಲ ಹಗ್ಗ ಹರಿಯಿತು ಎಂದೇ ಹೇಳಿದ್ದೇವೆ. ಹಗ್ಗ ಹರಿಯಲಿಲ್ಲ. ಮೀನು ಕೊಯ್ಯಲು ತಂದಿದ್ದ ಚಾಕುವನ್ನು ಚೀಲದಿಂದ ತೆಗೆದು ನಾನೇ ಕೊಯ್ದೆ. ಕೊಯ್ಯುವಾಗಲೂ ಅದು ಜಗ್ಗುತ್ತಿತ್ತು. ಒಂದು ಸಲ ಜಗ್ಗಿತು. ಎರಡನೆಯದು ಬರುವ ಮೊದಲು ಹಗ್ಗ ತುಂಡಾಯಿತು.

ಆ ಪ್ಲಾಸ್ಟಿಕ್ ಹಗ್ಗ ತೇಲುವಂಥದ್ದು. ಸ್ವಲ್ಪ ಹೊತ್ತು ನೀರಿನ ಮೇಲೆ ಸುರುಳಿಯಾಗಿ ತೇಲಿತು. ಆಮೇಲೆ ನಿಧಾನವಾಗಿ, ತುದಿಯವರೆಗೂ, ಒಳಗೆ ಹೋಯಿತು.

ಊರೊಳಗೆ ಓಡಿದೆವು. ಯಾರಾದರೂ ಕೆರೆಗೆ ಇಳಿದಿದ್ದಾರೆಯೇ, ಯಾರ ಮನೆಯಲ್ಲಾದರೂ ಒಬ್ಬರು ಬಂದಿಲ್ಲವೇ ಎಂದು ಕೇಳಿದೆವು. ನಾಲ್ಕಾರು ಮಂದಿ ಬಂದರು, ಇಬ್ಬರು ಈಜುವವರು ಇಳಿದು ಜಾಲಿಯ ಸುತ್ತ ಹುಡುಕಿದರು. ಏನೂ ಸಿಗಲಿಲ್ಲ, ಹಗ್ಗವೂ ಸಿಗಲಿಲ್ಲ. ಊರಲ್ಲಿ ಎಲ್ಲರೂ ಇದ್ದರು. ಹಗ್ಗವನ್ನು ಹಾವು ಮಾಡಿಕೊಂಡಿದ್ದೀರಿ ಎಂದು ನಕ್ಕು ಹೋದರು. ನಾನು ಜನ್ಮವೆಲ್ಲ ನಕ್ಕ ನಗೆಯೇ ನನಗೆ ತಿರುಗಿ ಬಂತು.

ನಗದೆ ಉಳಿದವನು ಒಬ್ಬನೇ ಮುದುಕ. ಕುರಿ ಹೊಡೆದುಕೊಂಡು ಬಂದಿದ್ದವನು ಏರಿಯ ಮೇಲೆ ಕೋಲೂರಿ ಕೂತಿದ್ದ. ಆ ಜಾಲಿ ಇರುವಲ್ಲಿ ಮೊದಲು ತನ್ನದೇ ಹೊಲ ಇತ್ತು, ಹೊಲದಲ್ಲಿ ಕಟ್ಟಿದ ಬಾವಿ ಇತ್ತು ಎಂದ. ಯಾರಾದರೂ ಅದರಲ್ಲಿ ಸತ್ತಿದ್ದರೇನು ಎಂದು ಕೇಳಿದೆ. ಹೌದು ಎಂದು ಅವನು ಹೇಳಿದ್ದರೆ ನನಗೆ ಒಂದು ನಮೂನೆಯ ಸಮಾಧಾನವಾದರೂ ಆಗುತ್ತಿತ್ತು.

"ಇಲ್ಲ ತಮ್ಮಾ, ಒಂದ ಕೋಳಿ ಸೈತ ಬಿದ್ದಿಲ್ಲ" ಎಂದ. ಆಮೇಲೆ, "ಎಷ್ಟ ಸಲ ಜಗ್ಗಿತು ಅಂದಿ?" ಎಂದು ಕೇಳಿದ.

"ಎರಡ ರಿ, ಮುತ್ಯಾ."

"ಎಳದ್ರ್ಯೋ ಇಲ್ಲೋ?"

ಎಳೆದೆವು, ಹಗ್ಗ ಹರೀತು ಎಂದು ಹೇಳಿದೆ. ಮುದುಕ ಕೈ ಚಾಚಿದ. ನನ್ನ ಮುಂಗೈಗೆ ಉಳಿದಿದ್ದ ಹಗ್ಗದ ತುಂಡನ್ನು ತೆಗೆದುಕೊಂಡು ಅದರ ತುದಿಯ ಮೇಲೆ ಹೆಬ್ಬೆರಳು ಆಡಿಸಿದ. ಹರಿದ ಹಗ್ಗದ ಎಳೆ ಚದುರಿರುತ್ತದೆ, ಕೊಯ್ದದ್ದು ನುಣ್ಣಗೆ ಇರುತ್ತದೆ. ಬಾವಿ ಇದ್ದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ತುಂಡನ್ನು ನನ್ನ ಕೈಗೆ ಕೊಟ್ಟು, ಕುರಿಗಳನ್ನು ಎಬ್ಬಿಸಿಕೊಂಡು ಹೋದ.

ಇದಾಗಿ ಕೆಲವು ವರ್ಷಗಳೇ ಆದವು. ದಸ್ತಗೀರ ಮೀನು ತಿನ್ನುವುದನ್ನೇ ಬಿಟ್ಟಿದ್ದಾನೆ. ಆ ದಿನದ ಮಾತು ತೆಗೆದರೆ ಎದ್ದು ಹೋಗುತ್ತಾನೆ. ಕೆರೆ ಬತ್ತಿದರೆ ಹೋಗಿ ತಳ ನೋಡಬೇಕು ಎಂದು ನಾನು ಒಂದೆರಡು ಬೇಸಿಗೆ ಕಾದೆ. ಈಗ ಅದು ಬತ್ತುವುದಿಲ್ಲ, ಕಡಿಮೆಯಾಗುತ್ತಿದ್ದ ಹಾಗೆ ಕಾಲುವೆಯಿಂದ ಮತ್ತೆ ತುಂಬಿಸುತ್ತಾರೆ. ತುಂಬಿದ ಕೆರೆ ನೋಡಿ ಸಂತೋಷಪಡಬೇಕಾದ ನಾಡಿನವನು ನಾನು, ನನಗೆ ಅಷ್ಟೂ ಆಗುವುದಿಲ್ಲ.

ಅದು ಏನೆಂದು ನನಗೆ ಗೊತ್ತಿಲ್ಲ. ದೆವ್ವ ಎನ್ನಲು ಈಗಲೂ ನಾಲಿಗೆ ಹೊರಳುವುದಿಲ್ಲ, ಮೀನು ಎನ್ನಲು ಕೈ ಒಪ್ಪುವುದಿಲ್ಲ. ಹಗ್ಗದ ಆ ತುಂಡು ಅಂಗಡಿಯ ಮೊಳೆಗೆ ನೇತುಹಾಕಿದೆ. ಬಾವಿಯ ಕೆಲಸಕ್ಕೆ ಈಗಲೂ ಹೋಗುತ್ತೇನೆ. ಕೆಳಗಿನವನು ಎರಡು ಸಲ ಜಗ್ಗಿದ ಕೂಡಲೇ ಎಳೆಯುತ್ತೇನೆ, ತಲೆ ಮೇಲೆ ಬಂದು ಮುಖ ಕಾಣುವ ತನಕ ಉಸಿರು ಬಿಡುವುದಿಲ್ಲ. ಮೇಲೆ ಬಂದವನು ಯಾಕಿಷ್ಟು ಅವಸರ ಎಂದು ಬೈಯುತ್ತಾನೆ. ಬೈಯಲಿ. ಅವನಾದರೂ ಮೇಲೆ ಬಂದ.